ಅಟ್ಟದಿಂದ ಇಳಿದ ಕೆಂಪಣ್ಣ

ತುಮಕೂರು
28 ಜುಲೈ 2024, ಭಾನುವಾರ, ರಾತ್ರಿ 10.30

ಬೆಳಿಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ ಅಟ್ಟ ಹತ್ತಿದೆ. "ಹಬ್ಬ ಇನ್ನೂ ದೂರ ಇದೆ, ಈಗಲೇ ಯಾಕೋ ಪಾತ್ರೆ ಇಳಿಸ್ತೀಯ?" ಅಂತ ಅಮ್ಮ ಕೆಳಗಿನಿಂದ ಕೂಗಿದಳು. ನನಗೆ ಬೇಕಾಗಿದ್ದು ಪಾತ್ರೆ ಅಲ್ಲ. ಬಾಗಿನದ ಹಳೇ ಮೊರಗಳ ಹಿಂದೆ ಬೆಡ್‌ಶೀಟ್‌ನಲ್ಲಿ ಸುತ್ತಿಟ್ಟಿದ್ದ ನಮ್ಮ ಎಕ್ಸ್‌ಬಾಕ್ಸ್ 360, ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡೋ ಮೆಷಿನ್. ಅಮ್ಮನ ಬಾಯಲ್ಲಿ ಅದು ಯಾವತ್ತೂ "ಆ ಡಬ್ಬ".

ನಾಳೆ, ಅಂದರೆ ಜುಲೈ 29ಕ್ಕೆ, ಆ ಡಬ್ಬದ ಆನ್‌ಲೈನ್ ಅಂಗಡಿ ಮುಚ್ಚುತ್ತದೆ. ಅದನ್ನು ಮಾಡಿದ ಮೈಕ್ರೋಸಾಫ್ಟ್‌ನವರು ಹೋದ ವರ್ಷ ಆಗಸ್ಟ್‌ನಲ್ಲೇ ಹೇಳಿದ್ದರು. ಈಗಾಗಲೇ ಕೊಂಡಿರೋ ಆಟಗಳನ್ನು ಆಡಬಹುದು, ಮತ್ತೆ ಡೌನ್‌ಲೋಡ್ ಕೂಡ ಮಾಡಿಕೊಳ್ಳಬಹುದು, ಹೊಸದಾಗಿ ಕೊಳ್ಳೋಕೆ ಮಾತ್ರ ಆಗಲ್ಲ. ಇಷ್ಟು ಬಿಡಿಸಿ ಹೇಳಿದ್ದರೂ ನನಗೆ ಸಮಾಧಾನ ಇರಲಿಲ್ಲ. ನಮ್ಮ ಆಟ ಸಿಡಿ ತರದ ಡಿಸ್ಕ್‌ನಲ್ಲಿಲ್ಲ. ಕೈಯಲ್ಲಿ ಹಿಡಿದು "ಇದು ನಮ್ಮದು" ಅಂತ ತೋರಿಸೋಕೆ ಒಂದು ಪೆಟ್ಟಿಗೆ, ಒಂದು ರಸೀದಿ ಕೂಡ ಇಲ್ಲ. ಡಬ್ಬದ ಹಾರ್ಡ್ ಡಿಸ್ಕ್‌ನಲ್ಲಿ ಒಂದಿಷ್ಟು ಜಾಗ ಹಿಡಿದುಕೊಂಡು ಕೂತಿದೆ, ಅಷ್ಟೇ.

ಆಟದ ಹೆಸರು ಕ್ಯಾಸಲ್ ಕ್ರ್ಯಾಷರ್ಸ್. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿರುವ ದಿ ಬೆಹೆಮೋತ್ ಅನ್ನೋ ಪುಟ್ಟ ಕಂಪನಿ ಮಾಡಿದ್ದು. ಚಿತ್ರ ಬರೆದವರು ಡ್ಯಾನ್ ಪಲಾಡಿನ್, ಪ್ರೋಗ್ರಾಂ ಮಾಡಿದವರಲ್ಲಿ ಮುಖ್ಯರು ಟಾಮ್ ಫಲ್ಪ್. 2008ರ ಆಗಸ್ಟ್ 27ಕ್ಕೆ ಆ ಆನ್‌ಲೈನ್ ಅಂಗಡಿಯ ಎಕ್ಸ್‌ಬಾಕ್ಸ್ ಲೈವ್ ಆರ್ಕೇಡ್ ಅನ್ನೋ ವಿಭಾಗದಲ್ಲಿ ಬಂತು. ನಮ್ಮ ಮನೆಗೆ ಬಂದಿದ್ದು 2011ರಲ್ಲಿ. ಆಗ ಬೆಲೆ ಡಾಲರ್, ರೂಪಾಯಿ ಲೆಕ್ಕದಲ್ಲಿ ಇರಲಿಲ್ಲ, ದುಡ್ಡಿನ ಬದಲು ಆ ಅಂಗಡಿಯಲ್ಲಿ ನಡೆಯೋ 1200 ಪಾಯಿಂಟ್ಸ್. ನನ್ನ ತಮ್ಮ ತನಗೆ ಯುಗಾದಿಗೆ ಬಂದ ದುಡ್ಡು, ನನ್ನ ಬಸ್ ಪಾಸಿನಲ್ಲಿ ಉಳಿದ ದುಡ್ಡು ಎಲ್ಲ ಸೇರಿಸಿ ಬೆಂಗಳೂರಿನ ಅಂಗಡಿಯಿಂದ ಪಾಯಿಂಟ್ಸ್ ಕಾರ್ಡ್ ತಂದಿದ್ದ. ಕೆರೆದರೆ 25 ಅಕ್ಷರದ ಕೋಡ್. ಅದನ್ನು ಕಂಟ್ರೋಲರ್‌ನಲ್ಲಿ ಒಂದೊಂದೇ ಅಕ್ಷರ ಒತ್ತಿ ಹಾಕೋವಾಗ ನಾವಿಬ್ಬರೂ ಉಸಿರು ಬಿಟ್ಟಿರಲಿಲ್ಲ. ಆಗಿನ ನೆಟ್ ಹೇಗಿತ್ತು ಅಂತ ಆ ಕಾಲದವರಿಗೆ ಹೇಳಬೇಕಾಗಿಲ್ಲ. ರಾತ್ರಿ ಡೌನ್‌ಲೋಡ್‌ಗೆ ಹಾಕಿ ಮಲಗಿದರೆ, ಬೆಳಿಗ್ಗೆ ಕರೆಂಟ್ ಹೋಗಿರುತ್ತಿತ್ತು.

ಇವತ್ತು ಧೂಳು ಒರೆಸಿ ಟಿವಿಗೆ ಜೋಡಿಸಿದೆ. ಆನ್ ಆಯ್ತು! ಅಪ್‌ಡೇಟ್ ಅಂತ ಸುಮಾರು ಹೊತ್ತು ತಿಂದಿತು. ಆಮೇಲೆ ಆಟ ತೆರೆದರೆ ಎದೆ ಧಸಕ್ ಅಂತು. ಪರದೆ ಮೇಲೆ "ಟ್ರಯಲ್" ಅಂತ ಬರುತ್ತಿದೆ. ದುಡ್ಡು ಕೊಟ್ಟು ತಗೊಂಡ ಆಟ, ಹದಿಮೂರು ವರ್ಷ ಆದಮೇಲೆ ನನ್ನನ್ನೇ "ಕೊಳ್ತೀರಾ?" ಅಂತ ಕೇಳುತ್ತಿದೆ.

ಸ್ವಲ್ಪ ಹೊತ್ತು ಕೂತು ಯೋಚಿಸಿದ ಮೇಲೆ ಕಾರಣ ಹೊಳೀತು. ಆಟ ಕೊಂಡಾಗ ಅದರ ಹಕ್ಕು ಎರಡು ಕಡೆ ಬರೆದುಕೊಳ್ಳುತ್ತದೆ. ಒಂದು, ಯಾರ ಅಕೌಂಟ್‌ನಿಂದ ಕೊಂಡರೋ ಅವರ ಹೆಸರಿಗೆ. ಇನ್ನೊಂದು, ಯಾವ ಡಬ್ಬದಲ್ಲಿ ಇಳಿಸಿದರೋ ಆ ಡಬ್ಬಕ್ಕೆ. ನಮ್ಮ ಮೊದಲನೇ ಡಬ್ಬ 2014ರಲ್ಲೇ ಕೆಟ್ಟಿತ್ತು. ತಮ್ಮ ಸೆಕೆಂಡ್ ಹ್ಯಾಂಡ್ ಒಂದು ತಂದು, ಹಳೇದರ ಹಾರ್ಡ್ ಡಿಸ್ಕ್ ಕಿತ್ತು ಇದಕ್ಕೆ ಹಾಕಿದ್ದ. ಆಟ ಬಂತು, ಉಳಿಸಿದ್ದ ಲೆವೆಲ್‌ಗಳೂ ಬಂದವು. ಹಕ್ಕು ಮಾತ್ರ ಸತ್ತ ಡಬ್ಬದ ಹತ್ತಿರವೇ ಉಳಿಯಿತು. ಆಗೆಲ್ಲ ಅವನು ಸೈನ್ ಇನ್ ಆಗಿರುತ್ತಿದ್ದ, ಹಾಗಾಗಿ ಗೊತ್ತಾಗಿರಲಿಲ್ಲ.

ಅವನಿರೋದು ಪುಣೆಯಲ್ಲಿ. ಫೋನ್ ಮಾಡಿದೆ. ಭಾನುವಾರ, ಇನ್ನೂ ಹಾಸಿಗೆಯಲ್ಲಿದ್ದ. ವಿಷಯ ಹೇಳಿದ ತಕ್ಷಣ ಎದ್ದು ಕೂತ.

"ಅಣ್ಣ, ಹಸಿರಣ್ಣ ಇದ್ದಾನಾ ನೋಡು ಮೊದಲು."

"ಇದ್ದಾನೆ ಕಣೋ. ನಿನ್ನ ಪಾಸ್‌ವರ್ಡ್ ಹೇಳು."

ಪಾಸ್‌ವರ್ಡ್ ಅಪ್ಪನ ಹಳೇ ಲೂನಾದ ನಂಬರ್. (ಇವತ್ತೇ ಬದಲಾಯಿಸಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.) ಸೆಟ್ಟಿಂಗ್ಸ್ ಒಳಗೆ ಲೈಸೆನ್ಸ್ ಟ್ರಾನ್ಸ್‌ಫರ್ ಅಂತ ಒಂದಿದೆ. ಅದನ್ನು ಒತ್ತಿ ಹಕ್ಕನ್ನು ಈ ಡಬ್ಬಕ್ಕೆ ತಂದು, ಆಟವನ್ನು ಇನ್ನೊಂದು ಸಲ ಇಳಿಸಿದೆ. ಈಗಿನ ನೆಟ್‌ನಲ್ಲಿ ಒಂದು ಲೋಟ ಕಾಫಿ ಮುಗಿಯೋದರೊಳಗೆ ಬಂತು. ಆಮೇಲೆ ನೆಟ್ ಆಫ್ ಮಾಡಿ, ಬೇರೆ ಹೆಸರಿನಲ್ಲಿ ಸೈನ್ ಇನ್ ಆಗಿ ತೆರೆದೆ. ಪೂರ್ತಿ ಆಟ ಬಂತು. ಇನ್ನು ಯಾವ ಅಂಗಡಿ ಮುಚ್ಚಿದರೂ ಈ ಡಬ್ಬ ಬದುಕಿರುವಷ್ಟು ದಿನ ಇದು ನಮ್ಮ ಮನೆಯಲ್ಲಿ ಇರುತ್ತದೆ. ಇದೇ ತರ ಅಟ್ಟದಲ್ಲಿ 360 ಇಟ್ಟಿರೋರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಒಂದು ಸಲ ಇಳಿಸಿ, ಆನ್ ಮಾಡಿ ನೋಡಿ. ನೆಟ್ ಆಫ್ ಮಾಡಿ ನೋಡೋದನ್ನು ಮರೆಯಬೇಡಿ.

ಹೊಸ ಮೆಷಿನ್‌ಗಳಿಗೂ ಈ ಆಟ ಸಿಗುತ್ತದೆ. 2015ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಬಂತು, 2019ರಲ್ಲಿ ಸ್ವಿಚ್, ಪಿಎಸ್ 4ಕ್ಕೂ ಬಂತು. ಗೊತ್ತು. ಆದರೆ ನಮ್ಮ ಹಸಿರಣ್ಣ ಅಲ್ಲಿಲ್ಲ ಅಲ್ವಾ?

ಹಸಿರಣ್ಣ ಅಂದರೆ ಯಾರು ಅಂತ ಹೇಳಲೇ ಇಲ್ಲ. ಆಟದಲ್ಲಿ ನಾಲ್ಕು ಜನ ಗಿಡ್ಡ ಯೋಧರು. ತಲೆಗೆ ಕಬ್ಬಿಣದ ಹೆಲ್ಮೆಟ್, ಅದರ ಸಂದಿಯಲ್ಲಿ ಬರೀ ಕಣ್ಣು. ಕೆಂಪಿನವನು ಮಿಂಚು ಬಿಡುತ್ತಾನೆ, ನೀಲಿಯವನು ಮಂಜುಗಡ್ಡೆ, ಹಸಿರಿನವನು ವಿಷ, ಕಿತ್ತಳೆಯವನು ಬೆಂಕಿ. ಒಬ್ಬ ಮಾಂತ್ರಿಕ ರಾಜನ ಹರಳು ಕದಿಯುತ್ತಾನೆ, ರಾಜಕುಮಾರಿಯರನ್ನು ಶತ್ರುಗಳು ಹೊತ್ತುಕೊಂಡು ಹೋಗುತ್ತಾರೆ, ಇವರು ಬೆನ್ನಟ್ಟುತ್ತಾರೆ. ಕತೆ ಇಷ್ಟೇ. 2011ರಲ್ಲಿ ಅಕ್ಕ ಕೆಂಪು, ನಾನು ನೀಲಿ, ತಮ್ಮ ಹಸಿರು, ಕ್ಯಾತ್ಸಂದ್ರದಲ್ಲಿರೋ ಚಿಕ್ಕಪ್ಪನ ಮಗ ಕಿತ್ತಳೆ. ನಾವು ಆಡೋದನ್ನು ಕಡಲೆಕಾಯಿ ಬಿಡಿಸುತ್ತಾ ನೋಡುತ್ತಿದ್ದ ಅಜ್ಜಿ ಅವರಿಗೆ ಕೆಂಪಣ್ಣ, ನೀಲಣ್ಣ, ಹಸಿರಣ್ಣ ಅಂತ ಹೆಸರಿಟ್ಟಿದ್ದಳು. ಕಿತ್ತಳೆಯವನಿಗೆ ಮಾತ್ರ "ಇನ್ನೊಬ್ಬ". ಅಜ್ಜಿ ಹೋಗಿ ಆರು ವರ್ಷ ಆಯ್ತು. ಹೆಸರು ಉಳಿದಿವೆ.

ಅಕ್ಕ ನಿನ್ನೆ ಶಿರಾದಿಂದ ಮಗನನ್ನು ಕರೆದುಕೊಂಡು ಬಂದಿದ್ದಳು. ಪುಟ್ಟನಿಗೆ ಒಂಬತ್ತು ವರ್ಷ. ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ, ಹನ್ನೊಂದಕ್ಕೆಲ್ಲ ಗಾಡಿಯಲ್ಲಿ ಬಂದ. ಒಂದು ಕೈಯಲ್ಲಿ ತಟ್ಟೆ ಇಡ್ಲಿ ಪಾರ್ಸಲ್, ಇನ್ನೊಂದರಲ್ಲಿ ನಾಲ್ಕನೇ ಕಂಟ್ರೋಲರ್. ಅದರ ಸೆಲ್ ಮುಚ್ಚಳ ಕಳೆದು ಹೋಗಿ ರಬ್ಬರ್ ಬ್ಯಾಂಡ್ ಹಾಕಿದ್ದ.

ಈ ಡಬ್ಬದ ಪವರ್ ಬಟನ್ ಸುತ್ತ ಒಂದು ಹಸಿರು ದೀಪದ ಉಂಗುರ ಇದೆ. ನಾಲ್ಕು ತುಂಡು. ಒಂದು ಕಂಟ್ರೋಲರ್ ಸೇರಿದರೆ ಒಂದು ತುಂಡು ಹೊತ್ತುತ್ತದೆ. ಇವತ್ತು ಮಧ್ಯಾಹ್ನದವರೆಗೆ ಮೂರು ಹೊತ್ತಿತ್ತು.

ಪುಟ್ಟ ಕೆಂಪಣ್ಣನನ್ನು ಹಿಡಿದ. ಮೊಬೈಲ್ ಆಟ ಆಡಿ ಅಭ್ಯಾಸ ಅವನಿಗೆ. ಶುರುವಿನಲ್ಲೇ ಒಬ್ಬನೇ ಮುಂದೆ ಓಡಿದ, ಪರದೆಯ ತುದಿಗೆ ಹೋಗಿ ಸಿಕ್ಕಿಕೊಂಡ. "ಮಾವ, ಹೋಗ್ತಾನೇ ಇಲ್ಲ!" ಇಲ್ಲಿ ನಾಲ್ಕೂ ಜನಕ್ಕೆ ಪರದೆ ಒಂದೇ. ಹಿಂದಿರುವವನು ಬಂದು ಸೇರಬೇಕು. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದು.

ಸ್ವಲ್ಪ ಹೊತ್ತಿಗೆ ಇನ್ನೊಂದು ತೊಂದರೆ. ನಮ್ಮಿಬ್ಬರದು ಹಳೇ ಆಳುಗಳು, ಒಂದು ಏಟಿಗೆ ಶತ್ರು ಬೀಳುತ್ತಿದ್ದ. ಪುಟ್ಟನ ಕೆಂಪಣ್ಣ ಒಂದನೇ ಲೆವೆಲ್‌ನಲ್ಲೇ ನಿಂತಿದ್ದ. ಇಲ್ಲಿ ಅನುಭವದ ಅಂಕ ಸಿಗೋದು ಹೊಡೆದವನಿಗೆ ಮಾತ್ರ, ಜೊತೆಗಿದ್ದವನಿಗಲ್ಲ. ಮಗು ಮುಖ ಸಣ್ಣ ಮಾಡಿಕೊಂಡಿತು. ಆಗ ನಾನೂ ಚಿಕ್ಕಪ್ಪನ ಮಗನೂ ಕಣ್ಣಲ್ಲೇ ಮಾತಾಡಿಕೊಂಡು ಕತ್ತಿ ಇಳಿಸಿದೆವು. ನಾನು ಮಂಜುಗಡ್ಡೆ ಬಿಟ್ಟು ಶತ್ರುಗಳನ್ನು ಹೆಪ್ಪುಗಟ್ಟಿಸೋದು, ಪುಟ್ಟ ಹೋಗಿ ಬಾರಿಸೋದು. ತಲೆ ಮೇಲೆ ಲೆವೆಲ್ ಏರಿತು ಅಂತ ಬಂದಾಗಲೆಲ್ಲ ಸೋಫಾ ಮೇಲೆ ಹಾರುತ್ತಿದ್ದ. ಅವನಿಗೆ ಮಧ್ಯದಲ್ಲಿ ಒಂದು ಟಗರಿನ ಮರಿ ಬೇಕಾಯ್ತು. ಆಟದಲ್ಲಿ ಬೆನ್ನ ಹಿಂದೆ ತೇಲಿಕೊಂಡು ಬರೋ ಸಾಕುಪ್ರಾಣಿಗಳಿವೆ, ಟಗರು ಗುಮ್ಮುತ್ತದೆ. "ಇನ್ನೊಂದು ಸಲ ಬಂದಾಗ ಹುಡುಕೋಣ" ಅಂದೆ.

ಬೆಕ್ಕಿನ ತಲೆಯ ದೊಡ್ಡ ಮೀನು ಬಂದಾಗ ಅಮ್ಮನೂ ಅಡುಗೆಮನೆಯಿಂದ ಬಂದು ನಿಂತು ನೋಡಿದಳು.

ನಾಲ್ಕು ಗಂಟೆ ಬಸ್ಸಿಗೆ ಹೊರಡಬೇಕು ಅಂತ ಅಕ್ಕ ಬ್ಯಾಗ್ ಹಿಡಿದುಕೊಂಡೇ ಹಾಲ್‌ಗೆ ಬಂದಳು. ಚಿಕ್ಕಪ್ಪನ ಮಗ ಏನೂ ಮಾತಾಡದೆ ರಬ್ಬರ್ ಬ್ಯಾಂಡಿನ ಕಂಟ್ರೋಲರ್ ಅವಳ ಮುಂದೆ ಹಿಡಿದ. "ಐದೇ ನಿಮಿಷ" ಅಂತ ಕೂತಳು. ಬ್ಯಾಗ್ ಹೆಗಲಲ್ಲೇ ಇತ್ತು. ಉಂಗುರದ ನಾಲ್ಕನೇ ತುಂಡು ಹೊತ್ತಿಕೊಂಡಿತು.

ಕೆಂಪಣ್ಣ ಮಗನ ಕೈಯಲ್ಲಿದ್ದ, ಹಾಗಾಗಿ ಅವಳಿಗೆ ತಮ್ಮನ ಹಸಿರಣ್ಣ. ವಿಡಿಯೋ ಕಾಲ್ ಹಾಕಿ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಟಿವಿ ಕಡೆ ತಿರುಗಿಸಿದೆ. "ಅಕ್ಕಾ, ವಿಷ ಬಿಡು, ವಿಷ! ಗುರಾಣಿ ಹಿಡಿ!" ಅಂತ ಪುಣೆಯಿಂದ ಅವನ ಗದ್ದಲ. ಅವಳಿಗೆ ಬಟನ್ ಮರೆತಿತ್ತು. ಎರಡೇ ನಿಮಿಷಕ್ಕೆ ಹಸಿರಣ್ಣ ನೆಲಕ್ಕೆ ಬಿದ್ದ.

ಇಲ್ಲಿ ಬಿದ್ದವನನ್ನು ಜೊತೆಗಾರ ಎಬ್ಬಿಸಬಹುದು. ಪಕ್ಕದಲ್ಲಿ ಮಂಡಿಯೂರಿ, ಎದೆ ಮೇಲೆ ಎರಡೂ ಕೈ ಇಟ್ಟು ಒತ್ತಬೇಕು. ಡಾಕ್ಟರು ಮಾಡುತ್ತಾರಲ್ಲ, ಹಾಗೆ. ಸುಮ್ನೆ ಒತ್ತುತ್ತಾ ಇದ್ದರೆ ಆಗಲ್ಲ, ಲಯ ತಪ್ಪಬಾರದು. ಆ ಹೊತ್ತಿನಲ್ಲಿ ಶತ್ರು ಹೊಡೆದರೆ ನೀನೇ ತಪ್ಪಿಸಿಕೊಳ್ಳೋಕೆ ಆಗಲ್ಲ. ಬೆಳಿಗ್ಗೆ ಒಂದು ಸಲ ಮಾತ್ರ ತೋರಿಸಿದ್ದೆ. ಪುಟ್ಟ ನನ್ನ ಕಡೆ ನೋಡಲೂ ಇಲ್ಲ. ಕೆಂಪಣ್ಣನನ್ನು ಆ ಗುಂಪಿನ ಮಧ್ಯೆ ನುಗ್ಗಿಸಿ, ಅವಳ ಪಕ್ಕ ಕೂರಿಸಿ ಒತ್ತತೊಡಗಿದ. ಬಾಯಲ್ಲಿ ಎಣಿಸುತ್ತಿದ್ದ. ನಾನು ಒಂದು ಕಡೆ ಮಂಜು ಬಿಟ್ಟೆ, ಚಿಕ್ಕಪ್ಪನ ಮಗ ಇನ್ನೊಂದು ಕಡೆ ಬೆಂಕಿ. ಕೆಂಪಣ್ಣನ ರಕ್ತದ ಪಟ್ಟಿ ಕಡ್ಡಿಯಷ್ಟು ಉಳಿದಿತ್ತು. "ಏಳಮ್ಮಾ, ಏಳು" ಅಂತ ಪಿಸುಗುಟ್ಟುತ್ತಿದ್ದ. ಎದ್ದಳು.

ಅಕ್ಕ ಆಟ ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. ಬ್ಯಾಗ್ ತೆಗೆದು ಕೆಳಗಿಟ್ಟಳು.

ಈ ಆಟದಲ್ಲಿ ನನಗೆ ಹಿಡಿಸದ್ದೂ ಒಂದಿದೆ. ರಾಜಕುಮಾರಿಯನ್ನು ಬಿಡಿಸಿದ ಮೇಲೆ, ಅಲ್ಲಿಯವರೆಗೆ ಜೊತೆಗಿದ್ದ ನಾಲ್ಕೂ ಜನ ಅವಳ ಮುತ್ತಿಗೋಸ್ಕರ ತಮ್ಮ ತಮ್ಮಲ್ಲೇ ಹೊಡೆದಾಡಬೇಕು. ಗೆದ್ದವನಿಗೆ ಮುತ್ತು. "ಆ ಹುಡುಗೀನ ಯಾರಾದರೂ ಕೇಳಿದ್ರಾ?" ಅಂತ ಅಕ್ಕ 2011ರಲ್ಲೇ ಕೇಳಿದ್ದಳು. ಸರಿಯಾದ ಮಾತು. ಆಗಿನಿಂದಲೂ ಅಲ್ಲಿಗೆ ಬಂದಾಗ ನಾವು ಮೂವರು ಕೈ ಕಟ್ಟಿ ನಿಂತು ಅಕ್ಕನನ್ನೇ ಗೆಲ್ಲಿಸುತ್ತೇವೆ. ಇವತ್ತು ಅಲ್ಲಿಯವರೆಗೆ ಹೋಗಲಿಲ್ಲ.

ಆರೂವರೆ ಬಸ್ಸಿಗೆ ಹೊರಟರು. ಆಷಾಢದ ಗಾಳಿ, ಸಣ್ಣ ಹನಿ ಬೇರೆ. ಬಸ್ ಸ್ಟ್ಯಾಂಡ್‌ನಲ್ಲಿ ಪುಟ್ಟ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಮಾವ, ಕೆಂಪಣ್ಣ ಹನ್ನೊಂದನೇ ಲೆವೆಲ್. ಸೇವ್ ಆಗಿದೆ ತಾನೆ?"

"ಆಗಿದೆ ಕಣೋ."

"ನಾಳೆ ಅಂಗಡಿ ಮುಚ್ಚಿದ ಮೇಲೂ ಇರ್ತಾನಾ?"

"ಇರ್ತಾನೆ."

"ಮತ್ತೆ ಅಟ್ಟಕ್ಕೆ ಹಾಕಬೇಡ."

ಹಾಕಿಲ್ಲ. ಟಿವಿ ಪಕ್ಕದಲ್ಲೇ ಜಾಗ ಮಾಡಿ ಇಟ್ಟಿದ್ದೇನೆ, ಮೇಲೆ ಅಮ್ಮ ಕಸೂತಿ ಬಟ್ಟೆ ಹೊದಿಸಿದ್ದಾಳೆ. ನಾಳೆ ವಸಂತನರಸಾಪುರದಲ್ಲಿ ಮೊದಲನೇ ಶಿಫ್ಟ್, ಬೇಗ ಏಳಬೇಕು. ಬರೋವಾಗ ಪೆನ್ಸಿಲ್ ಸೆಲ್ ಎಂಟು ತರಬೇಕು.