ನಮ್ಮ ಎಂಎಲ್‌ಎಗೆ ಬರುವ ದುಡ್ಡು ಎಲ್ಲಿ ಹೋಗುತ್ತದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ತಾಲ್ಲೂಕಿನ ಕಾಮಗಾರಿ, ಅನುದಾನ, ಬಜೆಟ್ ಅಂತ ಆಗಾಗ ಬರೆಯುತ್ತಿರುತ್ತೇನಲ್ಲ, ಹಾಗಾಗಿ ಮದುವೆ ಮನೆಯಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕ ಕೂತವರು, ವಾಟ್ಸಾಪಿನಲ್ಲಿ ಊರಿನ ಹುಡುಗರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಸಾರ್, ನಮ್ಮ ಎಂಎಲ್‌ಎಗೆ ವರ್ಷಕ್ಕೆ ಕೋಟಿಗಟ್ಟಲೆ ಬರುತ್ತಂತೆ. ನಮ್ಮೂರ ರಸ್ತೆ ಮಾತ್ರ ಹಾಗೇ ಇದೆ. ಆ ದುಡ್ಡೆಲ್ಲ ಎಲ್ಲಿ ಹೋಗುತ್ತೆ?"

ನಿಂತಲ್ಲೇ ಉತ್ತರ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಆ "ಕೋಟಿಗಟ್ಟಲೆ" ಅನ್ನುವುದನ್ನು ನೋಡೋಣ. ಕರ್ನಾಟಕದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ ಅಂತ ಒಂದಿದೆ, 2001-02ರಿಂದ ನಡೆಯುತ್ತಿದೆ. ವಿಧಾನಸಭೆಯ 224 ಮಂದಿಗೂ ವಿಧಾನ ಪರಿಷತ್ತಿನ 75 ಮಂದಿಗೂ ತಲಾ ವರ್ಷಕ್ಕೆ 2 ಕೋಟಿ ರೂಪಾಯಿ. ಜನ "ಎಂಎಲ್‌ಎ ಫಂಡ್" ಅನ್ನುವುದು ಇದನ್ನೇ. ಈ ದುಡ್ಡು ಶಾಸಕರ ಕೈಗೂ ಬರುವುದಿಲ್ಲ, ಅವರ ಖಾತೆಗೂ ಬರುವುದಿಲ್ಲ. ಅದು ಜಿಲ್ಲಾಧಿಕಾರಿಗಳ ಹತ್ತಿರ ಇರುತ್ತದೆ. ಇಂಥ ಊರಲ್ಲಿ ಇಂಥ ಕೆಲಸ ಆಗಲಿ ಅಂತ ಶಾಸಕರು ಪತ್ರ ಕೊಡುತ್ತಾರೆ, ಡಿಸಿ ಕಚೇರಿ ನಿಯಮಕ್ಕೆ ಸರಿ ಇದೆಯಾ ನೋಡಿ ಮಂಜೂರು ಮಾಡುತ್ತದೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ನಿರ್ಮಿತಿ ಕೇಂದ್ರವೋ ಸರ್ಕಾರದ್ದೇ ಕಾಮಗಾರಿ ಸಂಸ್ಥೆಯಾದ ಕೆಆರ್‌ಐಡಿಎಲ್ಲೋ (ಹಳೇ ಜನ ಈಗಲೂ ಲ್ಯಾಂಡ್ ಆರ್ಮಿ ಅಂತಲೇ ಕರೆಯುತ್ತಾರೆ) ಕೆಲಸ ಮಾಡುತ್ತದೆ. ಶಾಲೆಗೆ ಕೊಠಡಿ, ಬಸ್ ತಂಗುದಾಣ, ಸಮುದಾಯ ಭವನ, ಚರಂಡಿ, ಇಂಥವು.

2 ಕೋಟಿ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. 224 ಕ್ಷೇತ್ರಕ್ಕೆ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.7 ಲಕ್ಷ ಜನ. ತಲೆಗೆ ವರ್ಷಕ್ಕೆ 75 ರೂಪಾಯಿ ಕೂಡ ಬೀಳುವುದಿಲ್ಲ. ಇಡೀ ಹಣ ನಯಾಪೈಸೆ ಪೋಲಾಗದೆ ಖರ್ಚಾದರೂ ಎಲ್ಲ ಊರಿನ ರಸ್ತೆ ಅದರಲ್ಲಿ ಆಗಲ್ಲ. ಹಾಗಂತ ಅದರ ಲೆಕ್ಕ ಕೇಳಬೇಡಿ ಅಂತಲ್ಲ, ಖಂಡಿತ ಕೇಳಿ. ಯಾವ ಊರಿಗೆ ಯಾವ ಕೆಲಸ, ಎಷ್ಟು ಮೊತ್ತ ಅನ್ನುವ ಪಟ್ಟಿ ಡಿಸಿ ಕಚೇರಿಯಲ್ಲಿರುತ್ತದೆ, ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಸಿಗುತ್ತದೆ. ಆದರೆ ಶಾಸಕರನ್ನು ಅಳೆಯೋಕೆ ಈ 2 ಕೋಟಿ ಒಂದೇ ಸಾಕಾಗಲ್ಲ. ಅದು ಅವರ ಕೆಲಸದ ಸಣ್ಣ ತುಂಡು.

ದೊಡ್ಡ ದುಡ್ಡು ಇರುವುದು ಇಲಾಖೆಗಳಲ್ಲಿ. 2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಇದರಲ್ಲಿ ಸಂಬಳ, ಪಿಂಚಣಿ, ಸಾಲದ ಬಡ್ಡಿ, ಗ್ಯಾರಂಟಿ ಯೋಜನೆಗಳು ಅಂತ ಮೊದಲೇ ಕಟ್ಟಿಟ್ಟ ಖರ್ಚು ತುಂಬಾ ಇದೆ. ಅದೆಲ್ಲ ಕಳೆದು ಲೋಕೋಪಯೋಗಿ, ಸಣ್ಣ ನೀರಾವರಿ, ಗ್ರಾಮೀಣಾಭಿವೃದ್ಧಿ, ಶಿಕ್ಷಣ, ಸಮಾಜ ಕಲ್ಯಾಣದಂಥ ಇಲಾಖೆಗಳಲ್ಲಿ ಕಾಮಗಾರಿಗೆ ಅಂತ ಉಳಿಯುವ ಹಣಕ್ಕೆ 224 ಕ್ಷೇತ್ರಗಳೂ ಕಾದಿರುತ್ತವೆ. ಆ ಸಾಲಿನಲ್ಲಿ ನಿಂತು ನಮ್ಮ ಕ್ಷೇತ್ರದ ಕೆಲಸದ ಹೆಸರು ಪಟ್ಟಿಗೆ ಸೇರಿಸಿ, ಅದು ಪಟ್ಟಿಯಿಂದ ಬಿದ್ದುಹೋಗದಂತೆ ನೋಡಿಕೊಳ್ಳುವುದಿದೆಯಲ್ಲ, ನನ್ನ ಪ್ರಕಾರ ಶಾಸಕರ ನಿಜವಾದ ಕೆಲಸ ಅದು. ಯಾರಿಗೂ ಕಾಣದ ಕೆಲಸ. ಗುದ್ದಲಿ ಪೂಜೆ ಎಲ್ಲರಿಗೂ ಕಾಣುತ್ತದೆ, ಅದಕ್ಕೂ ಮುಂಚಿನ ಎರಡು ವರ್ಷ ಯಾರಿಗೂ ಕಾಣಲ್ಲ.

ನಾನು ಹತ್ತಿರದಿಂದ ನೋಡಿದ ಒಂದು ಕೆಲಸ ಹೇಳುತ್ತೇನೆ. ಒಂದು ಹಳ್ಳ, ಆಚೆ ಒಂದು ಊರು, ಈಚೆ ಹೈಸ್ಕೂಲು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮಕ್ಕಳು ಶಾಲೆಗೆ ಬರೋಕೆ ಆಗುತ್ತಿರಲಿಲ್ಲ. ಊರವರು ಶಾಸಕರಿಗೆ ಮನವಿ ಕೊಟ್ಟರು, ಶಾಸಕರು ತಮ್ಮ ಲೆಟರ್‌ಹೆಡ್‌ನಲ್ಲಿ ಸಚಿವರಿಗೆ ಪತ್ರ ಕೊಟ್ಟರು, ಸಚಿವರು ಅದರ ಅಂಚಿನಲ್ಲಿ "ಪರಿಶೀಲಿಸಿ ಮಂಡಿಸಿ" ಅಂತ ಬರೆದು ಸಹಿ ಹಾಕಿದರು. ಊರಲ್ಲಿ ಆವತ್ತೇ ಸೇತುವೆ ಮಂಜೂರಾಯ್ತು ಅಂತ ಸುದ್ದಿ. ಆದರೆ "ಪರಿಶೀಲಿಸಿ ಮಂಡಿಸಿ" ಅಂದರೆ ಮಂಜೂರು ಅಲ್ಲ. ಕೆಳಗಿನವರು ನೋಡಿ, ವರದಿ ಮಾಡಿ, ನನ್ನ ಮುಂದೆ ತನ್ನಿ ಅಂತ, ಅಷ್ಟೇ. ಪತ್ರ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಮುಖ್ಯ ಎಂಜಿನಿಯರ್‌ಗೆ, ಅಲ್ಲಿಂದ ಜಿಲ್ಲೆಯ ಕಾರ್ಯಪಾಲಕ ಎಂಜಿನಿಯರ್‌ಗೆ, ತಾಲ್ಲೂಕಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ್‌ಗೆ, ಕೊನೆಗೆ ಜೆಇ ಅಂದರೆ ಕಿರಿಯ ಎಂಜಿನಿಯರ್ ಮೇಜಿಗೆ ಇಳಿಯಿತು. ಜೆಇ ಅಳತೆಗೆ ಬಂದಿದ್ದು ಬೇಸಿಗೆಯಲ್ಲಿ. ಹಳ್ಳ ಒಣಗಿ ಮರಳು ಕಾಣುತ್ತಿತ್ತು. ಇಲ್ಲಿಗೆ ಪೈಪ್ ಮೋರಿ ಸಾಕು ಅಂದರು. ಆಗ ಊರಿನ ಒಬ್ಬ ಅಜ್ಜಿ ದಂಡೆ ಮೇಲಿನ ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋಗಿ, ಬೊಡ್ಡೆಯ ಮೇಲೆ ಕೆಸರು ಮೆತ್ತಿಕೊಂಡು ಉಳಿದಿದ್ದ ಗೆರೆ ತೋರಿಸಿದರು. "ನೀರು ಇಲ್ಲಿಗಂಟ ಬತ್ತದೆ ನೋಡಪ್ಪ." ಗೆರೆ ಜೆಇ ಎದೆಮಟ್ಟಕ್ಕಿತ್ತು. ಆತ ಟೇಪು ಹಿಡಿದು ಅದನ್ನೂ ಅಳೆದು ಬರೆದುಕೊಂಡ. ಪೈಪ್ ಹೋಗಿ ಬಾಕ್ಸ್ ಕಲ್ವರ್ಟ್ (ಪೆಟ್ಟಿಗೆಯಾಕಾರದ ಕಾಂಕ್ರೀಟ್ ಕಿರುಸೇತುವೆ) ಆಯ್ತು, ಅಂದಾಜು ಪಟ್ಟಿಯ ಮೊತ್ತವೂ ಏರಿತು.

ಮೊತ್ತ ಏರಿದ್ದಕ್ಕೇ ಕಷ್ಟ ಶುರುವಾಯಿತು. ಶಾಸಕರ ನಿಧಿಯಿಂದ ಮಾಡಿಸೋಣ ಅಂದುಕೊಂಡಿದ್ದು ಅದರಲ್ಲಿ ಕೂರಲಿಲ್ಲ. ಬೇರೆ ಲೆಕ್ಕ ಶೀರ್ಷಿಕೆ, ಅಂದರೆ ಬಜೆಟ್‌ನಲ್ಲಿ ಒಂದೊಂದು ಬಗೆಯ ಖರ್ಚಿಗೆ ಇರುವ ನಂಬರು ಹಾಕಿದ ಬಾಬ್ತು, ಹುಡುಕಬೇಕಾಯಿತು. ಈ ಲೆಕ್ಕ ಶೀರ್ಷಿಕೆ ಅನ್ನುವುದು ಜನಸಾಮಾನ್ಯರ ಬಾಯಲ್ಲಿ ಬರುವ ಮಾತಲ್ಲ, ಆದರೆ ಎಲ್ಲ ನಿಂತಿರುವುದು ಅದರ ಮೇಲೇ. ರಸ್ತೆ, ಸೇತುವೆ ಹೊಸದಾಗಿ ಮಾಡುವುದು 5054ರಲ್ಲಿ ಬರುತ್ತದೆ, ಇರುವುದನ್ನು ರಿಪೇರಿ ಮಾಡುವುದು 3054ರಲ್ಲಿ. ಗ್ರಾಮೀಣಾಭಿವೃದ್ಧಿಗೆ ಸಾಲ ಕೊಡುವ ನಬಾರ್ಡ್ ಬ್ಯಾಂಕಿನ ಸಾಲದಲ್ಲಿ ಮಾಡುವ ಗ್ರಾಮೀಣ ಸೇತುವೆಗಳದ್ದು ಇನ್ನೊಂದು ದಾರಿ. ಯಾವ ಬಾಬ್ತಿನಲ್ಲಿ ದುಡ್ಡು ಉಳಿದಿದೆ, ಯಾವುದರಲ್ಲಿ ಹಳೇ ಬಿಲ್ ಬಾಕಿಯೇ ಬೆಟ್ಟದಷ್ಟಿದೆ ಅಂತ ಗೊತ್ತಿರುವ ಶಾಸಕರಿಗೂ, ಸುಮ್ನೆ ಪತ್ರ ಕೊಟ್ಟು ಬರುವ ಶಾಸಕರಿಗೂ ಇರುವ ವ್ಯತ್ಯಾಸ ಇಲ್ಲೇ ಗೊತ್ತಾಗುವುದು. ಈ ಸೇತುವೆ ನಬಾರ್ಡ್ ಪಟ್ಟಿಗೆ ಸೇರಿತು. ಆಮೇಲೂ ಆರ್ಥಿಕ ಇಲಾಖೆ ಒಮ್ಮೆ ಪ್ರಶ್ನೆ ಹಾಕಿ ಫೈಲ್ ವಾಪಸ್ ಕಳಿಸಿತು. ಶಾಸಕರ ಆಪ್ತ ಸಹಾಯಕರು ವಿಧಾನಸೌಧಕ್ಕೂ ವಿಕಾಸಸೌಧಕ್ಕೂ ಓಡಾಡಿ, ಉತ್ತರ ಬರೆಸಿ, ಇ-ಆಫೀಸಿನಲ್ಲಿ ಫೈಲ್ ಯಾರ ಲಾಗಿನ್‌ನಲ್ಲಿ ಕೂತಿದೆ ಅಂತ ಕೇಳಿ ಕೇಳಿ ಮುಂದಕ್ಕೆ ಹಾಕಿಸಿದರು. ಆಡಳಿತಾತ್ಮಕ ಅನುಮೋದನೆ (ಕೆಲಸಕ್ಕೂ ಖರ್ಚಿಗೂ ಸರ್ಕಾರದ ಒಪ್ಪಿಗೆ), ಆಮೇಲೆ ತಾಂತ್ರಿಕ ಮಂಜೂರಾತಿ (ವಿನ್ಯಾಸ, ಅಂದಾಜಿಗೆ ಎಂಜಿನಿಯರ್‌ಗಳ ಒಪ್ಪಿಗೆ), ಆಮೇಲೆ ಟೆಂಡರ್. ಮೊದಲ ಸಲ ಟೆಂಡರ್‌ಗೆ ಯಾರೂ ಬರಲಿಲ್ಲ, ಮತ್ತೆ ಕರೆದರು. ಇಷ್ಟೆಲ್ಲ ಆದಮೇಲೆ ಸೇತುವೆ ಆಯ್ತು. ಆ ಶಾಸಕರು ಯಾವ ಪಕ್ಷ ಅಂತ ನಾನು ಹೇಳಲ್ಲ, ಬೇಕಾಗಿಲ್ಲ ಕೂಡ. ಆ ಆಪ್ತ ಸಹಾಯಕರ ಡೈರಿ ನೋಡಿದ್ದೇನೆ, ಒಂದೊಂದು ಕೆಲಸಕ್ಕೆ ಒಂದೊಂದು ಪುಟ, ಫೈಲ್ ನಂಬರು, ಯಾವ ತಾರೀಖಿಗೆ ಯಾರ ಹತ್ತಿರ ಇತ್ತು ಅಂತ. ಅಂಥ ಡೈರಿ ಇಟ್ಟ ಕಚೇರಿ ನೋಡಿದರೆ ನನಗೆ ನಿಜವಾಗಲೂ ಗೌರವ ಬರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. "ದುಡ್ಡು ಎಲ್ಲಿ ಹೋಯ್ತು" ಅಂತ ಕೇಳಿದರೆ ಯಾರು ಏನು ಬೇಕಾದರೂ ಹೇಳಿ ಜಾರಿಕೊಳ್ಳಬಹುದು. "ನಮ್ಮೂರ ಕೆಲಸ ಯಾವ ಹಂತದಲ್ಲಿ ನಿಂತಿದೆ" ಅಂತ ಕೇಳಿದರೆ ಜಾರಿಕೊಳ್ಳೋಕೆ ಜಾಗ ಕಮ್ಮಿ. ಅಂದಾಜು ಪಟ್ಟಿ ಆಗಿದೆಯಾ? ಆಡಳಿತಾತ್ಮಕ ಅನುಮೋದನೆಯ ಆದೇಶ ಸಂಖ್ಯೆ ಏನು? ಟೆಂಡರ್ ಕರೆದಿದ್ದಾರಾ? ಕಾರ್ಯಾದೇಶ, ಅಂದರೆ ಕೆಲಸ ಶುರು ಮಾಡಿ ಅಂತ ಗುತ್ತಿಗೆದಾರರಿಗೆ ಆದೇಶ, ಕೊಟ್ಟಿದ್ದಾರಾ? ಕೊಟ್ಟಿದ್ದರೆ ಗುತ್ತಿಗೆದಾರರು ಯಾಕೆ ಶುರು ಮಾಡಿಲ್ಲ, ಹಳೇ ಬಿಲ್ ಬಂದಿಲ್ಲವಾ? ಬ್ಯಾನರ್‌ನಲ್ಲಿ "ಇಷ್ಟು ಕೋಟಿ ಅನುದಾನ ತಂದ ಶಾಸಕರಿಗೆ ಅಭಿನಂದನೆಗಳು" ಅಂತ ಹಾಕಿರುತ್ತಾರಲ್ಲ, ಅದರಲ್ಲಿ ಆದೇಶ ಸಂಖ್ಯೆ ಇದೆಯಾ ಅಂತ ನೋಡಿ. ಪತ್ರ ಕೊಟ್ಟಿದ್ದಕ್ಕೂ ಮಂಜೂರಾಗಿದ್ದಕ್ಕೂ ಹಣ ಬಿಡುಗಡೆ ಆಗಿದ್ದಕ್ಕೂ ಒಂದೇ ಥರದ ಬ್ಯಾನರ್ ಬೀಳುತ್ತದೆ. ಇದು ನನಗೆ ತುಂಬಾ ಬೇಜಾರು ತರಿಸುವ ವಿಷಯ, ಯಾಕೆಂದರೆ ಜನ ನಂಬಿ ಕಾಯುತ್ತಾರೆ.

ಇನ್ನೊಂದು ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. "ನಮ್ಮ ಎಂಎಲ್‌ಎ ವಿರೋಧ ಪಕ್ಷದವರು, ಏನು ತರೋಕಾಗುತ್ತೆ?" ತಾರತಮ್ಯ ಇದೆ, ಇಲ್ಲ ಅನ್ನಲ್ಲ. ಯಾವ ಪಕ್ಷದ ಸರ್ಕಾರ ಬಂದರೂ ವಿರೋಧ ಪಕ್ಷದ ಶಾಸಕರು ಅನುದಾನದಲ್ಲಿ ತಾರತಮ್ಯ ಅಂತ ದೂರುವುದನ್ನು ಕೇಳುತ್ತಲೇ ಬಂದಿದ್ದೇವೆ. ಜನ ತೆರಿಗೆ ಕಟ್ಟುವಾಗ ಯಾವ ಪಕ್ಷಕ್ಕೆ ವೋಟ್ ಹಾಕಿದಿರಿ ಅಂತ ಯಾರೂ ಕೇಳಲ್ಲ, ಹಾಗಿರುವಾಗ ಅನುದಾನ ಕೊಡುವಾಗ ಮಾತ್ರ ಅದನ್ನು ನೋಡುವುದು ಅನ್ಯಾಯ. ಆದರೆ ವಿರೋಧ ಪಕ್ಷದವರ ಕೈ ಪೂರ್ತಿ ಕಟ್ಟಿಲ್ಲ. 2 ಕೋಟಿ ಅವರಿಗೂ ಬರುತ್ತದೆ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಎರಡಿವೆ. ಮೊದಲನೆಯದಕ್ಕೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಎರಡನೆಯದಕ್ಕೆ ಲಿಖಿತ ಉತ್ತರ ಬರುತ್ತದೆ. "ನನ್ನ ಕ್ಷೇತ್ರದಲ್ಲಿ ಮಂಜೂರಾಗಿಯೂ ಶುರುವಾಗದ ಕಾಮಗಾರಿಗಳು ಯಾವುವು, ಕಾರಣವೇನು" ಅಂತ ಕೇಳಿದರೆ ಇಲಾಖೆ ಲಿಖಿತವಾಗಿ ಉತ್ತರ ಕೊಡಲೇಬೇಕು, ಅದು ದಾಖಲೆಯಾಗಿ ಉಳಿಯುತ್ತದೆ. ನಿಮ್ಮ ಶಾಸಕರು ಇಂಥ ಪ್ರಶ್ನೆ ಎಷ್ಟು ಕೇಳಿದ್ದಾರೆ ಅಂತ ನೋಡಿ. ಆಡಳಿತ ಪಕ್ಷದಲ್ಲಿದ್ದೂ ಕೇಳದವರಿದ್ದಾರೆ, ವಿರೋಧ ಪಕ್ಷದಲ್ಲಿದ್ದು ಪ್ರಶ್ನೆ ಕೇಳಿ ಕೇಳಿಯೇ ಕೆಲಸ ಮಾಡಿಸಿಕೊಂಡವರೂ ಇದ್ದಾರೆ.

ಊರಿಂದ ಊರಿಗೆ ದುಡ್ಡಿನ ದಾರಿಯೂ ಬೇರೆ ಬೇರೆ. ಕಲ್ಯಾಣ ಕರ್ನಾಟಕದ 7 ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ಪ್ರತ್ಯೇಕ ಮಂಡಳಿ ಇದೆ, ಬಜೆಟ್‌ನಲ್ಲಿ ಅದಕ್ಕೆ ಈಚಿನ ವರ್ಷಗಳಲ್ಲಿ 5,000 ಕೋಟಿ ಇಡುತ್ತಿದ್ದಾರೆ. ಅಲ್ಲಿ ಹಣದ ಹಂಚಿಕೆಗೆ ತಾಲ್ಲೂಕು ಎಷ್ಟು ಹಿಂದುಳಿದಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಈ ಲೆಕ್ಕದ ಬುನಾದಿ 2002ರಲ್ಲಿ ಬಂದ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ. ಆಗ ಇದ್ದ 175 ತಾಲ್ಲೂಕಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಅದು ಹೇಳಿತ್ತು. ಮಲೆನಾಡಿಗೆ, ಬಯಲುಸೀಮೆಗೆ ಬೇರೆ ಮಂಡಳಿಗಳಿವೆ, ಅವುಗಳ ಕೈಯಲ್ಲಿ ದುಡ್ಡು ಮಾತ್ರ ಇಷ್ಟಿಲ್ಲ. ಪರಿಶಿಷ್ಟರ ಕಾಲೋನಿಯ ಕೆಲಸಕ್ಕೆ ಎಸ್‌ಸಿಎಸ್‌ಪಿ (ಪರಿಶಿಷ್ಟ ಜಾತಿ ಉಪಯೋಜನೆ), ಟಿಎಸ್‌ಪಿ (ಗಿರಿಜನ ಉಪಯೋಜನೆ) ಹಣ ಇದೆ, ಅದಕ್ಕೆ 2013ರ ಕಾಯ್ದೆಯ ಬಲವೇ ಇದೆ. ಈ ಹಣವನ್ನು ಊರಿನ ಬೇರೆ ಕಡೆಗೆ ತಿರುಗಿಸುತ್ತಿದ್ದರೆ ಗಟ್ಟಿಯಾಗಿ ಕೇಳಬೇಕು, ಶಾಸಕರ ಮುಂದೆಯೇ ಕೇಳಬೇಕು.

ಕಾಂಟ್ರ್ಯಾಕ್ಟ್ ಬಗ್ಗೆಯೂ ಎರಡು ಮಾತು. ಕೆಲಸ ಯಾರಿಗೆ ಕೊಡಬೇಕು ಅಂತ ತೀರ್ಮಾನಿಸುವ ಅಧಿಕಾರ ಶಾಸಕರಿಗಿಲ್ಲ. 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರ್ ಕರೆಯಬೇಕು. ಆದರೆ ಒಂದೇ ರಸ್ತೆಯನ್ನು ಸಣ್ಣ ಸಣ್ಣ ತುಂಡು ಮಾಡಿ ತುಂಡು ಗುತ್ತಿಗೆ (ಟೆಂಡರ್ ಬೇಕಾಗದಷ್ಟು ಸಣ್ಣ ಮೊತ್ತದ ಗುತ್ತಿಗೆ) ಕೊಟ್ಟರೆ ಟೆಂಡರ್ ತಪ್ಪಿಸಬಹುದು. ಒಂದೇ ಬೀದಿಗೆ ನಾಲ್ಕು ಕಾಮಗಾರಿ ಹೆಸರು ಕಂಡರೆ ಅಲ್ಲಿ ನಿಂತು ಓದಿ. ಕಳಪೆ ಕೆಲಸ ಬಹಳಷ್ಟು ಸಲ ಹುಟ್ಟುವುದು ಇಂಥ ತುಂಡುಗಳಲ್ಲೇ.

ಕೊನೆಗೆ, "ಮನವಿ ಹೇಗೆ ಬರೆಯಬೇಕು ಸಾರ್" ಅಂತ ಕೇಳುವವರಿಗೆ. ಒಂದು ಪತ್ರದಲ್ಲಿ ಒಂದೇ ಕೆಲಸ ಬರೆಯಿರಿ. ರಸ್ತೆ, ನೀರು, ದೇವಸ್ಥಾನ, ಸ್ಮಶಾನ ಎಲ್ಲ ಒಂದೇ ಹಾಳೆಯಲ್ಲಿ ತುಂಬಿದರೆ ಅದು ಯಾವ ಇಲಾಖೆಗೂ ಹೋಗಲ್ಲ. ರಸ್ತೆಯಾದರೆ ಅದು ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ, ಲೋಕೋಪಯೋಗಿಯದ್ದೋ ಪಂಚಾಯತ್ ರಾಜ್ ವಿಭಾಗದ್ದೋ, ನಡುವೆ ಅರಣ್ಯ ಇಲಾಖೆ ಜಾಗ ಬರುತ್ತದೋ. ಕಟ್ಟಡವಾದರೆ ಜಾಗದ ಸರ್ವೆ ನಂಬರು, ಪಹಣಿ ಬೇಕು. ಜಾಗದ ತಕರಾರಿಗೇ ಮಂಜೂರಾದ ಸಮುದಾಯ ಭವನಗಳು ವಾಪಸ್ ಹೋಗುವುದನ್ನು ಕಂಡಿದ್ದೇನೆ. ಗ್ರಾಮ ಸಭೆಯಲ್ಲಿ ಚರ್ಚೆ ಮಾಡಿಸಿ ಪಂಚಾಯಿತಿ ಠರಾವು ಲಗತ್ತಿಸಿ, ಪಿಡಿಒ ಸಹಿ ಇರಲಿ. ಮಳೆಗಾಲದ ಫೋಟೋ ಇದ್ದರೆ ಖಂಡಿತ ಹಾಕಿ. ಬಜೆಟ್‌ಗೆ ಇಲಾಖೆಗಳ ಪಟ್ಟಿ ತಯಾರಾಗುವುದು ವರ್ಷದ ಕೊನೆಯ ಹೊತ್ತಿಗೆ, ಆದ್ದರಿಂದ ಅಕ್ಟೋಬರ್, ನವೆಂಬರ್ ಒಳಗೆ ಕೊಟ್ಟರೆ ಒಳ್ಳೆಯದು, ಮಾರ್ಚ್‌ನಲ್ಲಿ ಕೊಟ್ಟರೆ ಮುಂದಿನ ವರ್ಷದ ಮಾತಾಯಿತು. ಚುನಾವಣೆ ಹತ್ತಿರ ಇದ್ದರೆ ಇನ್ನೂ ಬೇಗ ಕೊಡಿ, ನೀತಿ ಸಂಹಿತೆ ಬಂದರೆ ಹೊಸ ಕೆಲಸ ಶುರು ಮಾಡುವ ಹಾಗಿಲ್ಲ. ಪತ್ರವನ್ನು ಶಾಸಕರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡು ಬಂದುಬಿಡಬೇಡಿ. ಅವರ ಕಚೇರಿಯಲ್ಲಿ ಎಂಟ್ರಿ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಂಖ್ಯೆ, ತಾರೀಖು ಬರೆಸಿಕೊಳ್ಳಿ. ಮೂರು ತಿಂಗಳಾದ ಮೇಲೆ ತಾಲ್ಲೂಕು ಕೆಡಿಪಿ ಸಭೆ (ಕಾಮಗಾರಿಗಳ ಪ್ರಗತಿ ಪರಿಶೀಲನಾ ಸಭೆ) ಬರುತ್ತದೆ, ಶಾಸಕರೇ ಅದರ ಅಧ್ಯಕ್ಷರು, ಎಲ್ಲ ಇಲಾಖೆ ಅಧಿಕಾರಿಗಳೂ ಅಲ್ಲಿ ಕೂತಿರುತ್ತಾರೆ. ಅದಕ್ಕೆ ನಾಲ್ಕು ದಿನ ಮುಂಚೆ ಆ ಸಂಖ್ಯೆ ಹಿಡಿದುಕೊಂಡು ಹೋಗಿ, "ಈ ಸಲ ಇದನ್ನು ಸಭೆಯಲ್ಲಿ ಕೇಳಿ ಅಣ್ಣ" ಅಂತ ನೆನಪು ಮಾಡಿ.