ಐದು ಕ್ಯಾರೆಕ್ಟರ್, ಎರಡೇ ಕೈ: ಮಳೆಗಾಲದ ಲೆವೆಲಿಂಗ್ ಲೆಕ್ಕ

ಕಕ್ಕಡದ ಮಳೆ ಹಿಡಿದರೆ ಭಾಗಮಂಡಲ, ನಾಪೋಕ್ಲು ಕಡೆ ಸಂಜೆ ಐದಕ್ಕೇ ಕತ್ತಲೆ. ತೋಟದಲ್ಲಿ ಕೆಲಸ ಕಮ್ಮಿ, ರಸ್ತೆಗೆ ಎಲ್ಲಾದರೂ ಒಂದು ಮರ ಬಿದ್ದಿರುತ್ತೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನೋ ಆನ್‌ಲೈನ್ ಆಟದಲ್ಲಿ ಎರಡೋ ಮೂರೋ ಐದೋ ಕ್ಯಾರೆಕ್ಟರ್‌ಗಳನ್ನು ಒಟ್ಟಿಗೆ ಬೆಳೆಸೋಕೆ ಇದು ಹೇಳಿ ಮಾಡಿಸಿದ ಕಾಲ. ಆದರೆ ಉತ್ಸಾಹದಿಂದ ಐದು ಅಕೌಂಟ್ ತೆರೆದವರು 12, 13ನೇ ಲೆವೆಲ್‌ಗೆ ಬರೋ ಹೊತ್ತಿಗೆ ಕೈಚೆಲ್ಲೋದೇ ಹೆಚ್ಚು. ಅದಕ್ಕೆ ಹೊಡೆದಾಟ ಕಾರಣ ಅಲ್ಲ. ಹೆಕ್ಕೋದು, ನಡೆಸೋದು, ಕಾಯೋದು, ಹೊತ್ತೆಲ್ಲ ಇದರಲ್ಲೇ ಹೋಗುತ್ತೆ. ಅದನ್ನು ಮೊದಲೇ ಲೆಕ್ಕ ಹಾಕಿ ತಂಡ ಕಟ್ಟಿದವರು ಮಾತ್ರ ಕೊನೇ ಲೆವೆಲ್ 60ರ ತನಕ ಹೋಗ್ತಾರೆ.

ಮೊದಲು ನಿಯಮದ ಮಾತು. ಒಬ್ಬರೇ ಹಲವು ಅಕೌಂಟ್ ಆಡೋದು ತಪ್ಪಲ್ಲ. ಆಟ ಮಾಡಿದ ಬ್ಲಿಝಾರ್ಡ್ ಕಂಪನಿಯ ಒಂದು ಬ್ಯಾಟಲ್‌ನೆಟ್ ಅಕೌಂಟಿನ ಕೆಳಗೆ 8 ವಾರ್‌ಕ್ರಾಫ್ಟ್ ಅಕೌಂಟ್ ತನಕ ಇಟ್ಟುಕೊಳ್ಳಬಹುದು. ಪ್ರತಿಯೊಂದಕ್ಕೂ ತಿಂಗಳ ಚಂದಾ ಬೇರೆ, ಅಮೆರಿಕದ ದರದಲ್ಲಿ 14.99 ಡಾಲರ್. ತಪ್ಪು ಯಾವುದು ಅಂದರೆ ಒಂದು ಕೀ ಒತ್ತಿದಾಗ ಐದೂ ವಿಂಡೋಗೆ ಅದು ಹೋಗುವ ಹಾಗೆ ಮಾಡೋದು. ಅಂಥ ತಂತ್ರಾಂಶವನ್ನು ಬ್ಲಿಝಾರ್ಡ್ 2020ರ ನವೆಂಬರ್‌ನಲ್ಲಿ ನಿಷೇಧಿಸಿತು. ಆಮೇಲೆ ಅದೇ ಕೆಲಸ ಮಾಡುವ ಯಂತ್ರಗಳನ್ನೂ ನಿಷೇಧದ ಒಳಗೆ ತಂದರು. ಯೂಟ್ಯೂಬಿನಲ್ಲಿರೋ ಹಳೇ ಪಾಠಗಳಲ್ಲಿ ಬಹಳಷ್ಟು ಆ ತಂತ್ರಾಂಶದ ಮೇಲೇ ನಿಂತಿವೆ. ಅವನ್ನು ನಂಬಿ ಹೋದರೆ ಐದೂ ಅಕೌಂಟ್ ಒಟ್ಟಿಗೆ ಹೋಗುತ್ತೆ. ಈಗ ಒಂದು ಒತ್ತಿಗೆ ಒಂದೇ ವಿಂಡೋದಲ್ಲಿ ಒಂದೇ ಕ್ರಿಯೆ. ಇಲ್ಲಿರೋದೆಲ್ಲ ಆ ಲೆಕ್ಕದಲ್ಲೇ.

ಹಾಗಾದರೆ ಎರಡು ಕೈಯಲ್ಲಿ ಐದು ಜನ ಹೇಗೆ? ಒಂದು ಸಲ ಒತ್ತಿದರೆ ತುಂಬ ಹೊತ್ತು ತಾವಾಗಿ ದುಡಿಯುವ ಕ್ಯಾರೆಕ್ಟರ್‌ಗಳನ್ನು ಆರಿಸಬೇಕು. ಮುಂದೆ ನಿಂತು ಕೈಯಾರೆ ಹೊಡೆಯೋ ವಾರಿಯರ್, ಪ್ಯಾಲಡಿನ್ ಒಮ್ಮೆ ಹೊಡೆಯೋಕೆ ಶುರು ಮಾಡಿದರೆ ಹೊಡೀತಾನೇ ಇರ್ತಾರೆ. ಹಂಟರ್‌ನ ಬಿಲ್ಲೂ ಹಾಗೇ, ವಾರ್ಲಾಕ್‌ನ ಪೆಟ್, ಅಂದರೆ ಜೊತೆಗಿರೋ ದೆವ್ವ ಕೂಡ. ಎಲ್ಲಕ್ಕಿಂತ ಒಳ್ಳೇದು ವಾಂಡ್, ಅಂದರೆ ಮಂತ್ರದ ಕೋಲು. ಮಂತ್ರ ಹಾಕೋ ಪ್ರೀಸ್ಟ್, ಮೇಜ್, ವಾರ್ಲಾಕ್ ಮೂವರೂ ವಾಂಡ್ ಹಿಡೀತಾರೆ, ಒಂದು ಒತ್ತು ಸಾಕು, ಎದುರಿನ ಪ್ರಾಣಿ (ಶತ್ರು) ಬೀಳೋ ತನಕ ನಿಲ್ಲಲ್ಲ, ಮಾನಾ (ಮಂತ್ರಕ್ಕೆ ಬೇಕಾದ ಶಕ್ತಿ) ಖರ್ಚೂ ಇಲ್ಲ. ರೋಗ್ ಬೇಡ, ಹಿಂದೆ ಹೋಗಿ ನಿಲ್ಲಬೇಕು, ಕೀ ಮೇಲೆ ಕೀ ಒತ್ತಬೇಕು, ಹಿಂಬಾಲಕನ (ಫಾಲೋ ಆಜ್ಞೆ ಕೊಟ್ಟರೆ ನಾಯಕನ ಹಿಂದೆ ತಾನಾಗಿ ನಡೆಯೋನು) ಜಾಗಕ್ಕೆ ಅದು ಆಗದ ಮಾತು.

ನನ್ನ ಆಯ್ಕೆ: ಮುಂದೆ ಒಬ್ಬ ವಾರಿಯರ್, ಅವನೇ ನಾಯಕ; ಹಿಂದೆ ಒಬ್ಬ ಪ್ರೀಸ್ಟ್, ಒಬ್ಬ ವಾರ್ಲಾಕ್, ಇಬ್ಬರು ಮೇಜ್. ಮೇಜ್‌ಗಳಲ್ಲಿ ಒಬ್ಬಳಿಗೆ ಟೈಲರಿಂಗ್ (ಹೊಲಿಗೆ) ಮತ್ತು ಎನ್‌ಚ್ಯಾಂಟಿಂಗ್ (ವಾಂಡ್ ಮಾಡೋ ಕಸುಬು) ಕಲಿಸಿ. ಲೆಸ್ಸರ್ ಮ್ಯಾಜಿಕ್ ವಾಂಡ್‌ಗೆ ಬೇಕಾದ್ದು ಒಂದು ಸಿಂಪಲ್ ವುಡ್, ಒಂದು ಲೆಸ್ಸರ್ ಮ್ಯಾಜಿಕ್ ಎಸೆನ್ಸ್; 5ನೇ ಲೆವೆಲ್‌ಗೆ ಹಿಡಿಯಬಹುದು. 13ಕ್ಕೆ ಗ್ರೇಟರ್ ಮ್ಯಾಜಿಕ್ ವಾಂಡ್. ನಾಲ್ವರು ಹಿಂಬಾಲಕರಿಗೂ 5ರಲ್ಲೇ ವಾಂಡ್ ಸಿಕ್ಕಿದರೆ ಮುಂದಿನ ಹತ್ತು ಲೆವೆಲ್ ಸಲೀಸು. ಚೀಲಕ್ಕೂ ಟೈಲರೇ ಗತಿ: 6 ಜಾಗದ ಲಿನನ್ ಬ್ಯಾಗ್ ಒಂದಕ್ಕೆ 6 ಲಿನನ್ ಬಟ್ಟೆ, ಅಂದರೆ 3 ಬೋಲ್ಟ್, ಜೊತೆಗೆ 3 ಒರಟು ದಾರ. ಐವರಿಗೆ ನಾಲ್ಕು ನಾಲ್ಕು ಚೀಲ ಅಂದರೆ 120 ಲಿನನ್. ಮೊದಲ ದಿನದಿಂದಲೇ ಒಂದನ್ನೂ ಮಾರಬೇಡಿ.

ಈಗ ವಿಂಡೋ ಜೋಡಣೆ. ನಾಯಕನದು ದೊಡ್ಡದು, ಎಡಗಡೆ. ಉಳಿದ ನಾಲ್ಕು ಚಿಕ್ಕವು, ಬಲಗಡೆ ಒಂದರ ಕೆಳಗೊಂದು, ಒಂದರ ಮೇಲೊಂದು ಹತ್ತಬಾರದು. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈಸ್ ಆಫ್ ಆ್ಯಕ್ಸೆಸ್ ಒಳಗೆ ಮೌಸ್ ಬಳಕೆ ಸುಲಭ ಮಾಡುವ ಪುಟ ಇದೆ. ಅದರಲ್ಲಿ ಮೌಸ್ ಮೇಲೆ ಬಂದ ಕೂಡಲೇ ವಿಂಡೋ ಸಕ್ರಿಯ ಆಗಲಿ ಅನ್ನೋ ಆಯ್ಕೆಗೆ ಟಿಕ್ ಹಾಕಿ. ಇನ್ನು ಕ್ಲಿಕ್ ಬೇಡ, ಆಲ್ಟ್-ಟ್ಯಾಬ್ ಬೇಡ. ಮೌಸ್ ಯಾವ ಚೌಕದ ಮೇಲಿದೆಯೋ ಕೀಬೋರ್ಡ್ ಆ ಕ್ಯಾರೆಕ್ಟರ್‌ದು. ಇದರಲ್ಲಿ ಒಂದು ಎಡವಟ್ಟು ಆಗೇ ಆಗುತ್ತೆ. ನಾಯಕನನ್ನು ಓಡಿಸ್ತಿದ್ದೀವಿ ಅಂದುಕೊಂಡು ಡಬ್ಲ್ಯೂ ಒತ್ತಿರ್ತೀರಿ, ಮೌಸ್ ಪ್ರೀಸ್ಟ್ ಮೇಲಿರುತ್ತೆ, ಅವಳು ಫಾಲೋ ಕಳಚಿಕೊಂಡು ಶತ್ರು ಮರ್ಲಾಕ್‌ಗಳ ನಡುವೆ ನಡೆದು ಹೋಗ್ತಾಳೆ. ಹಿಂಬಾಲಕರ ಕೀ ಬೈಂಡಿಂಗ್‌ನಲ್ಲಿ ಕ್ಯಾರೆಕ್ಟರ್‌ಗೆ ಮಾತ್ರ ಅನ್ನೋದಕ್ಕೆ ಟಿಕ್ ಹಾಕಿ, ಡಬ್ಲ್ಯೂ, ಎ, ಎಸ್, ಡಿ ನಾಲ್ಕನ್ನೂ ತೆಗೆದುಬಿಡಿ. ನಡೆಸೋಕೆ ಬಾಣದ ಕೀ ಇದ್ದೇ ಇದೆ.

ಇನ್ನೊಂದು ತೊಂದರೆ ಹೊಸಬರಿಗೆ ಅರ್ಥವೇ ಆಗಲ್ಲ. ಒಂದೇ ಫೋಲ್ಡರಿನಿಂದ ಐದು ಸಲ ಆಟ ತೆರೆದರೆ ಐದಕ್ಕೂ ಸೆಟ್ಟಿಂಗ್ ಫೈಲ್ ಒಂದೇ. ಕೊನೆಗೆ ಮುಚ್ಚಿದ್ದರ ಸೆಟ್ಟಿಂಗ್ ಉಳಿದವುಗಳ ಮೇಲೆ ಕೂರುತ್ತೆ, ಮರುದಿನ ನಾಯಕನ ವಿಂಡೋ ಅಂಗೈ ಅಗಲ ಆಗಿರುತ್ತೆ. ಹಿಂಬಾಲಕರಿಗೆ ಆಟದ ಫೋಲ್ಡರ್ ಬೇರೆ ಕಾಪಿ ಮಾಡಿ ಇಡಿ. ಹಿಂಬಾಲಕರ ಗ್ರಾಫಿಕ್ಸ್ ಎಲ್ಲ ತಳಕ್ಕೆ ಇಳಿಸಿ, ಬ್ಯಾಕ್‌ಗ್ರೌಂಡ್ ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಚಿತ್ರಗಳ ಸಂಖ್ಯೆ) 15ರಿಂದ 20ಕ್ಕೆ ಕಟ್ಟಿಹಾಕಿ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಐದು ಕ್ಲಾಸಿಕ್ ಕ್ಲೈಂಟ್ ಓಡುತ್ತೆ. 8 ಜಿಬಿ ಇರೋರು ಎರಡಕ್ಕೇ ನಿಲ್ಲಿಸಿ.

ಮ್ಯಾಕ್ರೋ, ಅಂದರೆ ಒಂದು ಕೀಗೆ ಕಟ್ಟಿದ ಆಜ್ಞೆಗಳು, ನಾಲ್ಕೇ ಸಾಕು, ಆದರೆ ನಾಲ್ವರಿಗೂ ಅದೇ ಕೀ ಮೇಲೆ ಇರಬೇಕು. 1ರಲ್ಲಿ ಎರಡು ಸಾಲು: ಸ್ಲ್ಯಾಶ್ ಅಸಿಸ್ಟ್, ನಾಯಕನ ಹೆಸರು (ಅವನ ಗುರಿಯನ್ನೇ ಹಿಡಿಯೋಕೆ), ಕೆಳಗೆ ಸ್ಲ್ಯಾಶ್ ಕಾಸ್ಟ್, ಆಶ್ಚರ್ಯಸೂಚಕ ಚಿಹ್ನೆ, ಅದಕ್ಕೆ ಅಂಟಿಕೊಂಡು ಶೂಟ್. ಆ ಚಿಹ್ನೆ ಮರೆಯಬೇಡಿ. ಅದಿಲ್ಲದಿದ್ದರೆ ಎರಡನೇ ಸಲ ಒತ್ತಿದಾಗ ವಾಂಡ್ ನಿಂತುಹೋಗುತ್ತೆ. ಇದ್ದರೆ ಎಷ್ಟು ಸಲ ಒತ್ತಿದರೂ ಹೊಡೀತಾನೇ ಇರುತ್ತೆ. 2ರಲ್ಲಿ ಸ್ಲ್ಯಾಶ್ ಫಾಲೋ, ನಾಯಕನ ಹೆಸರು. 3ರಲ್ಲಿ ಆ ಕ್ಯಾರೆಕ್ಟರ್‌ನ ಮುಖ್ಯ ಕೆಲಸ; ಪ್ರೀಸ್ಟ್‌ಗೆ ಹೀಲ್, ಚೌಕ ಕಂಸದಲ್ಲಿ ಅಟ್ ಚಿಹ್ನೆ ಹಾಕಿ ನಾಯಕನ ಹೆಸರು ಬರೆದರೆ ಟಾರ್ಗೆಟ್ ಬದಲಿಸೋ ಗೋಜೇ ಇಲ್ಲ. 4ರಲ್ಲಿ ನೀರು. ಕ್ಲಾಸಿಕ್‌ನಲ್ಲಿ ಒಬ್ಬರನ್ನು ಗುರುತು ಹಾಕಿಡೋ ಫೋಕಸ್ ಕಮಾಂಡ್ ಇಲ್ಲ, ಹಾಗಾಗಿ ಹೆಸರು ಬರೆಯಲೇಬೇಕು; ನಾಯಕನಿಗೆ ಚಿಕ್ಕ ಹೆಸರಿಡಿ.

ಒಂದು ಹೊಡೆದಾಟ ಹತ್ತಿರದಿಂದ ನೋಡಿ. ಆಟದ ವೆಸ್ಟ್‌ಫಾಲ್ ಅನ್ನೋ ಊರಿನ ಗದ್ದೆ ಬದಿ, ಎದುರಿಗೆ ಡಿಫಿಯಾಸ್ ಕಳ್ಳರ ಗುಂಪಿನ ಒಬ್ಬ ಟ್ರ್ಯಾಪರ್. ವಾರಿಯರ್ ಹೋಗಿ ಹೊಡೆದು ನಿಲ್ತಾನೆ. ಎರಡು ಏಟು ಬೀಳೋ ತನಕ ಬೇರೆ ಏನೂ ಒತ್ತಬೇಡಿ. ದೂರದಿಂದ ಹೊಡೆಯೋರ ಥ್ರೆಟ್ (ಅವರ ಮೇಲೆ ಪ್ರಾಣಿಗಿರೋ ಸಿಟ್ಟಿನ ಲೆಕ್ಕ) ಟ್ಯಾಂಕಿನ, ಅಂದರೆ ಮುಂದೆ ನಿಂತು ಏಟು ತಿನ್ನೋ ವಾರಿಯರ್‌ನ 130 ಶೇಕಡ ದಾಟಿದರೆ ಪ್ರಾಣಿ ಅವರ ಕಡೆ ತಿರುಗುತ್ತೆ, ಬಟ್ಟೆ ತೊಟ್ಟ ಮೇಜ್ ತಡೆಯಲ್ಲ. ಆಮೇಲೆ ಮೌಸ್ ಬಲಕ್ಕೆ: ಮೊದಲ ಚೌಕ 1, ಎರಡನೆಯದು 1, ಮೂರನೆಯದು 1, ನಾಲ್ಕನೆಯದು 1. ನಾಲ್ಕೈದು ಸೆಕೆಂಡಿನಲ್ಲಿ ನಾಲ್ಕು ವಾಂಡ್ ಒಂದೇ ಕಡೆ. ಇನ್ನು ಕೈ ಖಾಲಿ, ವಾರಿಯರ್ ರಕ್ತ ಅರ್ಧಕ್ಕೆ ಬಂದರೆ ಪ್ರೀಸ್ಟ್ ಮೇಲೆ 3. ಇಲ್ಲಿ ನಾಯಕ ಅಲುಗಾಡಬಾರದು. ಅವನು ಓಡಿದರೆ ಫಾಲೋದಲ್ಲಿರೋರೂ ಓಡ್ತಾರೆ, ನಡೆದ ತಕ್ಷಣ ವಾಂಡ್ ನಿಲ್ಲುತ್ತೆ.

ಹಿಂದಿನಿಂದ ಇನ್ನೊಬ್ಬ ಬಂದರೆ ಹಿಂಬಾಲಕರ ಮುಖ ಮುಂದಕ್ಕಿರುತ್ತೆ, ಒತ್ತಿದ್ದೆಲ್ಲ ತಪ್ಪು ದಿಕ್ಕು ಅಂತ ಕೆಂಪಕ್ಷರದಲ್ಲಿ ಬರುತ್ತೆ. ಒಬ್ಬೊಬ್ಬರನ್ನೇ ತಿರುಗಿಸೋಕೆ ಹೋಗಬೇಡಿ. ವಾರಿಯರ್‌ನನ್ನು ಬಂದವನ ಆಚೆ ಬದಿಗೆ ಓಡಿಸಿ ನಿಲ್ಲಿಸಿ, ನಾಲ್ವರಿಗೂ 2 ಒತ್ತಿ. ಎಲ್ಲರೂ ಅವನ ಕಡೆ ತಿರುಗ್ತಾರೆ. ತಿರುಗಿದ ಕೂಡಲೇ 1.

ಈಗ ಎಕ್ಸ್‌ಪಿ, ಅಂದರೆ ಲೆವೆಲ್ ಏರಿಸೋ ಅನುಭವದ ಅಂಕಗಳ ಲೆಕ್ಕ. ನಿಮ್ಮದೇ ಲೆವೆಲ್‌ನ ಸಾಮಾನ್ಯ ಪ್ರಾಣಿ ಕೊಡೋದು ಲೆವೆಲ್‌ನ ಐದರಷ್ಟು ಮತ್ತು 45. 10ನೇ ಲೆವೆಲ್‌ನಲ್ಲಿ 95. ಇಬ್ಬರಾದರೆ ಬರೀ ಪಾಲು, ತಲಾ 47. ಮೂವರಾದರೆ ಒಟ್ಟಿನ ಮೇಲೆ ಸುಮಾರು 1.17 ಪಟ್ಟು, ನಾಲ್ವರಿಗೆ 1.3, ಐವರಿಗೆ 1.4. ಐವರಲ್ಲಿ ತಲಾ 26ರ ಆಸುಪಾಸು. ಒಂಟಿಯಾಗಿ ಆಡೋನಿಗಿಂತ ಮೂರೂವರೆ ಪಟ್ಟು ಹೆಚ್ಚು ಪ್ರಾಣಿ ಬೀಳಬೇಕು ಅಂತಾಯಿತು. ಪಾಲು ಲೆವೆಲ್‌ಗೆ ತಕ್ಕಂತೆ ಹೋಗುತ್ತೆ, ಮುಂದಿರೋನಿಗೆ ಹೆಚ್ಚು; ಸತ್ತು ಬಿದ್ದವರಿಗೆ ಏನೂ ಇಲ್ಲ. ಹಾಗಾಗಿ ಒಬ್ಬ ಹಿಂದೆ ಬಿದ್ದರೆ ಅಂತರ ತಾನಾಗಿ ಮುಚ್ಚಲ್ಲ. ಯಾರನ್ನೂ ಒಂಟಿಯಾಗಿ ಆಡಿಸಬೇಡಿ, ಸತ್ತವರನ್ನು ಎಬ್ಬಿಸದೆ ಮುಂದಿನ ಪ್ರಾಣಿಗೆ ಹೋಗಬೇಡಿ.

ಕ್ವೆಸ್ಟ್ (ಆಟ ಒಪ್ಪಿಸೋ ಕೆಲಸ) ಮುಗಿಸಿದ ಎಕ್ಸ್‌ಪಿ ಮಾತ್ರ ಪಾಲಾಗಲ್ಲ, ಐವರಿಗೂ ಪೂರ್ತಿ. ಲಾಭ ಇರೋದೇ ಇಲ್ಲಿ. ಆದರೆ ಎಲ್ಲ ಕ್ವೆಸ್ಟೂ ಒಂದೇ ಅಲ್ಲ. ವೆಸ್ಟ್‌ಫಾಲ್‌ನ ಪೀಪಲ್ಸ್ ಮಿಲಿಷಿಯಾ ತೆಗೆದುಕೊಳ್ಳಿ: 15 ಟ್ರ್ಯಾಪರ್, 15 ಸ್ಮಗ್ಲರ್. ಒಬ್ಬ ಬಿದ್ದರೆ ಐವರ ಲೆಕ್ಕದಲ್ಲೂ ಒಂದು ಏರುತ್ತೆ, 30 ಬಿದ್ದರೆ ಐವರದೂ ಮುಗೀತು. ಅದೇ ಊರಿನ ಗೋರ್‌ಟಸ್ಕ್ ಲಿವರ್ ಪೈ ನೋಡಿ. ಒಬ್ಬರಿಗೆ 8 ಲಿವರ್, ಒಂದು ಹಂದಿಯಿಂದ ಸಿಕ್ಕಿದರೆ ಒಬ್ಬರಿಗೆ ಮಾತ್ರ, ಐವರಿಗೆ 40. ಹಂದಿ ಕೊಯ್ದು ಗೊತ್ತಿರೋ ನಮ್ಮ ಕಡೆಯವರಿಗೆ ನಂಬೋಕೆ ಕಷ್ಟ, ಈ ಆಟದಲ್ಲಿ ಹೆಚ್ಚಿನ ಹಂದಿಗೆ ಲಿವರೇ ಇರಲ್ಲ. ಮೂರಕ್ಕೆ ಒಂದರಲ್ಲಿ ಸಿಗುತ್ತೆ ಅಂತಿಟ್ಟುಕೊಂಡರೂ 120 ಹಂದಿ. ಈ ಕ್ವೆಸ್ಟ್ ಬಿಟ್ಟುಬಿಡಿ. ಹೆಕ್ಕೋ ಕ್ವೆಸ್ಟ್‌ಗಳಲ್ಲಿ ಹೇಗೂ ಕೊಲ್ಲಲೇಬೇಕಾದವರ ಹತ್ತಿರ ಸಿಗೋದನ್ನು ಮಾತ್ರ ಇಟ್ಟುಕೊಳ್ಳಿ. ಡಿಫಿಯಾಸ್‌ಗಳ ಕೆಂಪು ಬಂದಾನಾ ಅಂಥದ್ದು, ಮಿಲಿಷಿಯಾ ಮಾಡ್ತಾ ಅರ್ಧಕ್ಕರ್ಧ ತುಂಬುತ್ತೆ. ಡೆಡ್‌ಮೈನ್ಸ್ ಅನ್ನೋ ಡಂಜನ್‌ನಲ್ಲಿ (ಒಂದು ತಂಡಕ್ಕೇ ಮೀಸಲಾದ ಜಾಗ) ಡಿಫಿಯಾಸ್ ಯಜಮಾನ ವ್ಯಾನ್‌ಕ್ಲೀಫ್‌ನ ತಲೆ ಐವರೂ ಬೇರೆ ಬೇರೆ ಎತ್ತಿಕೊಳ್ಳಬಹುದು. ಡಂಜನ್ ಕ್ವೆಸ್ಟ್‌ಗಳು ಅದಕ್ಕೇ ಇಂಥ ತಂಡಕ್ಕೆ ಬಂಗಾರ.

ಲೂಟ್ (ಸತ್ತವರಿಂದ ಸಿಗೋ ಸಾಮಾನು) ಫ್ರೀ ಫಾರ್ ಆಲ್‌ಗೆ, ಅಂದರೆ ಯಾರು ಬೇಕಾದರೂ ಎತ್ತೋ ಹಾಗೆ ಹಾಕಿ, ನಾಯಕನೇ ಹೆಕ್ಕಲಿ. ಹೊಸ ಊರಿಗೆ ಬಂದ ಕೂಡಲೇ ಹಾರಿ ಹೋಗೋ ದಾರಿ ತೆರೆಯೋ ಫ್ಲೈಟ್ ಮಾಸ್ಟರ್ ಹತ್ತಿರ ಐವರನ್ನೂ ಮಾತಾಡಿಸಿ. ನಾಯಕನಿಗೆ ದಾರಿ ತೆರೆದರೆ ಉಳಿದವರಿಗೆ ತೆರೆಯಲ್ಲ. ಹಡಗು ಹತ್ತುವಾಗ ಫಾಲೋ ನಂಬಬೇಡಿ, ಲೋಡಿಂಗ್ ಪರದೆ ಬಂದ ಕೂಡಲೇ ಅದು ಕಳಚುತ್ತೆ. ಒಬ್ಬೊಬ್ಬರನ್ನೇ ಹತ್ತಿಸಿ, ಅಟ್ಟದ ನಡುವೆ ನಿಲ್ಲಿಸಿ.

ಕರೆಂಟಿನ ವಿಷಯಕ್ಕೆ ಬರೋಣ, ಇಲ್ಲಿ ಅದೇ ದೊಡ್ಡದು. ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದರೆ ಐದೂ ಒಟ್ಟಿಗೆ ಹೋಗುತ್ತೆ, ಮತ್ತೆ ಬರೋದು ಯಾವಾಗಲೋ. ಮನೆಯ ಇನ್ವರ್ಟರ್ ಹಿಂದೆ ಹೆಚ್ಚಿನದರಲ್ಲಿ ಒಂದು ಸ್ವಿಚ್ ಇರುತ್ತೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ನಾರ್ಮಲ್‌ನಲ್ಲಿದ್ದರೆ ಬದಲಾಗೋ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತೆ. ಯುಪಿಎಸ್ ಕಡೆಗೆ ತಿರುಗಿಸಿ. ಇನ್ವರ್ಟರ್ ಇಲ್ಲದವರಿಗೆ 600 ವಿಎ ಯುಪಿಎಸ್ ಸಾಕು, 150 ವಾಟ್ ಎಳೆಯೋ ಕಂಪ್ಯೂಟರಿಗೆ ಬ್ಯಾಟರಿ ಹೊಸದಿದ್ದಾಗ 10 ನಿಮಿಷ ಬರುತ್ತೆ. ಫೈಬರ್ ಮೋಡೆಮ್ಮಿಗೆ 12 ವೋಲ್ಟಿನ ಚಿಕ್ಕ ಡಿಸಿ ಯುಪಿಎಸ್ ಬೇರೆ ಹಾಕಿ. ಕಂಪ್ಯೂಟರ್ ಉಳಿದು ಮೋಡೆಮ್ ಹೋದರೆ ಉಳಿಸಿ ಏನು ಬಂತು?

ಆ 10 ನಿಮಿಷದಲ್ಲಿ ಡಂಜನ್ ಮುಗಿಸೋ ಆಸೆ ಬೇಡ, ತಂಡವನ್ನು ಇನ್‌ಗೆ (ಆಟದ ಊರಿನ ಛತ್ರ) ಸೇರಿಸಿ. ಅಲ್ಲಿಗೆ ನೇರ ಒಯ್ಯೋ ಹರ್ತ್‌ಸ್ಟೋನ್ ಕಲ್ಲಿಗೆ 10 ಸೆಕೆಂಡು. ಒಂದು ಚೌಕದಲ್ಲಿ ಒತ್ತಿ ಮುಂದಿನದಕ್ಕೆ ಹೋದರೆ 15 ಸೆಕೆಂಡಿನಲ್ಲಿ ಐವರೂ ಒಳಗೆ. ಅದು 60 ನಿಮಿಷಕ್ಕೊಮ್ಮೆ ಮಾತ್ರ ಸಿಗೋದು, ಅದಕ್ಕೇ ಮಳೆ ದಿನ ಅದನ್ನು ಸುಮ್ಮನೆ ಖರ್ಚು ಮಾಡಬೇಡಿ. ಇನ್ ಒಳಗೆ ಲಾಗೌಟ್ ಆದರೆ 8 ಗಂಟೆಗೆ ಒಂದು ಲೆವೆಲ್‌ನ 5 ಶೇಕಡದಷ್ಟು ರೆಸ್ಟ್ ಕೂಡುತ್ತೆ, ಬಯಲಲ್ಲಿ ಬಿಟ್ಟರೆ ಅದರ ಕಾಲು ಭಾಗ. ರೆಸ್ಟ್ ಇರೋ ತನಕ ಕೊಂದದ್ದಕ್ಕೆ ಎಕ್ಸ್‌ಪಿ ಎರಡು ಪಟ್ಟು. ಹೆಚ್ಚೆಂದರೆ ಒಂದೂವರೆ ಲೆವೆಲ್‌ನಷ್ಟು, ಅದು ತುಂಬೋಕೆ ಇನ್‌ನಲ್ಲಿ 10 ದಿನ. ಕರೆಂಟ್ ಹೋಗಿ ಒಬ್ಬ ಮೇಜ್ ಮಾತ್ರ ಬಯಲಲ್ಲಿ ಉಳಿದರೆ ವಾರ ಬಿಟ್ಟು ಬಂದಾಗ ನಾಲ್ವರ ರೆಸ್ಟ್ ಒಂದು, ಅವಳದು ಇನ್ನೊಂದು, ಅಲ್ಲಿಂದ ಲೆವೆಲ್ ಅಂತರ ಶುರು. ಕಾಫಿ ಕೊಯ್ಲಿನ ತಿಂಗಳಲ್ಲಿ ಆಟಕ್ಕೆ ಪುರುಸೊತ್ತೇ ಇಲ್ಲದವರು ಹತ್ತು ದಿನಕ್ಕೊಂದು ಸಂಜೆ ಕೂತು ಆ ಒಂದೂವರೆ ಲೆವೆಲ್ ಕರಗಿಸಿ, ಐವರನ್ನೂ ಮತ್ತೆ ಅದೇ ಇನ್‌ಗೆ ತಂದು ಬಿಡಿ.