ಗುಂಡಗಿದ್ದ ಪಾದಗಳು

2019ರ ಆಗಸ್ಟ್. ಮಲಪ್ರಭೆ ಉಕ್ಕಿ, ಬಾಗಲಕೋಟೆ ಜಿಲ್ಲೆಯ ಆ ಊರಿಗೆ ಊರೇ ಶಾಲೆಯ ಕೋಣೆಗಳಲ್ಲಿ ಕೂತಿತ್ತು. ಊಟಕ್ಕೇನೂ ಕೊರತೆಯಿರಲಿಲ್ಲ, ಎರಡು ಹೊತ್ತು ಅನ್ನ, ಖಾರದ ಸಾರು. ಆದರೆ ಪುಟ್ಟ ಹೊಟ್ಟೆಗೆ ಬೇಕಾದದ್ದು ಐದಾರು ಸಲದ ಸ್ವಲ್ಪ ಸ್ವಲ್ಪ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಎಡತೋಳಿಗೆ, ಅಪೌಷ್ಟಿಕತೆ ಗುರುತಿಸುವ ಬಣ್ಣದ ಟೇಪು ಹಾಕುತ್ತಾ ಬಂದೆವು. ಮೊಣಕೈ ಮಡಚಿಸಿ, ಭುಜದ ಮೂಳೆಗೂ ಮೊಣಕೈ ತುದಿಗೂ ನಟ್ಟನಡುವೆ ಗುರುತು ಮಾಡಬೇಕು. ಅಳೆಯುವಾಗ ಕೈ ಜೋತುಬಿದ್ದಿರಬೇಕು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ; 12.5ರ ಒಳಗೆ ಹಳದಿ, ಮಧ್ಯಮ; ಅದಕ್ಕೂ ಮೇಲೆ ಹಸಿರು. ಟೇಪು ಸಡಿಲ ಬಿಟ್ಟರೆ ಕೆಂಪಿನ ಮಗು ಹಳದಿಯಲ್ಲಿ ಅಡಗಿಬಿಡುತ್ತದೆ.

ಎರಡು ವರ್ಷದ ಒಬ್ಬ ಹುಡುಗನದು ಹಸಿರು ಬಂತು. "ನಮ್ಮ ಹುಡುಗ ಗುಂಡಗ ಅದಾನ್ರೀ" ಎಂದರು ಅಜ್ಜಿ. ಆದರೆ ಕೂದಲು ಕೆಂಚಗಾಗಿತ್ತು, ಕಣಕಾಲಿನ ಚರ್ಮ ಪೊರೆಯೆದ್ದಿತ್ತು. ಎರಡೂ ಪಾದಗಳ ಮೇಲೆ ಹೆಬ್ಬೆರಳಿಟ್ಟು ಮೂರು ಸೆಕೆಂಡು ಒತ್ತಿದೆವು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ಹಿಟ್ಟಿನುಂಡೆಯಲ್ಲಿ ಉಳಿದಂತೆ. ಗುಂಡಗೆ ಕಂಡದ್ದು ನೀರು ತುಂಬಿದ ಬಾವು. ಎರಡೂ ಕಾಲಲ್ಲಿ ಗುಳಿ ಬಿದ್ದರೆ ಟೇಪು ಏನೇ ಹೇಳಲಿ, ಅದು ತೀವ್ರ ಅಪೌಷ್ಟಿಕತೆ. ತಿನ್ನಲು ಕೊಟ್ಟದ್ದನ್ನೂ ಮಗು ಬೇಡವೆಂದಿತು. ಆಸ್ಪತ್ರೆಗೇ ಹೋಗಬೇಕು.

ಜೀಪು ಬರುವವರೆಗೆ 50 ಮಿ.ಲೀ. ಕಾಯಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ತುಂಬ ಸಕ್ಕರೆ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿದೆವು. ಟೋಪಿ ಹಾಕಿ, ತಾಯಿಯ ಎದೆಗೆ ಮೈ ತಾಗುವಂತೆ ಕಟ್ಟಿದೆವು. ಇಂಥ ಮಕ್ಕಳಲ್ಲಿ ರಕ್ತದ ಸಕ್ಕರೆಯೂ ಮೈಯ ಕಾವೂ ಒಟ್ಟೊಟ್ಟಿಗೇ ಇಳಿಯುತ್ತವೆ.

"ಹೊಟ್ಟಿ ತುಂಬ ಉಣಸಿ ಕಳಸ್ರೀ" ಎಂದು ಅಜ್ಜಿ ಅಂಗಲಾಚಿದರು. ಆ ಮಮತೆಯನ್ನು ತಡೆಯುವುದೇ ಕಷ್ಟದ ಕೆಲಸ. ದಣಿದ ದೇಹಕ್ಕೆ ಒಮ್ಮೆಲೇ ಊಟ ಸುರಿದರೆ ರಕ್ತದಲ್ಲಿನ ಪೊಟ್ಯಾಸಿಯಂ, ಫಾಸ್ಫೇಟ್ ಜೀವಕೋಶಗಳೊಳಗೆ ನುಗ್ಗಿ ಹೃದಯ ಸೋಲುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ಮೊದಲು ಎಫ್-75, ಅಂದರೆ ಇಂಥ ಮಕ್ಕಳ ಚಿಕಿತ್ಸೆಗೆಂದೇ ಮಾಡಿದ ತೆಳು ಹಾಲು: ಕೆ.ಜಿ. ತೂಕಕ್ಕೆ ದಿನಕ್ಕೆ 130 ಮಿ.ಲೀ., ಬಾವು ಮೈಯೆಲ್ಲ ಹರಡಿದ್ದರೆ 100 ಮಾತ್ರ. ಎರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ. ಮೊದಮೊದಲು ತೂಕ ಇಳಿಯುತ್ತದೆ. ಬಾವಿನ ನೀರು ಹೋಗುತ್ತಿದೆ, ಗಾಬರಿ ಬೇಡ. ಕಬ್ಬಿಣದ ಔಷಧಿ ಆಗಲೇ ಕೊಡಬಾರದು, ಸೋಂಕು ಉಲ್ಬಣಿಸುತ್ತದೆ.

ಮರುದಿನ ಶಾಲೆಯಲ್ಲಿ ಅಡುಗೆಯವರು ಉಳಿದ ಪುಟ್ಟ ಮಕ್ಕಳಿಗೆಂದು ಖಾರ ಹಾಕುವ ಮೊದಲೇ ಒಂದು ಪಾತ್ರೆ ಬೇಳೆ ತೆಗೆದಿಟ್ಟರು. ಮೆತ್ತಗೆ ಕಲಸಿದ ಅನ್ನಕ್ಕೆ ಒಂದೊಂದು ಚಮಚ ಎಣ್ಣೆ, ದಿನಕ್ಕೆ ಐದು ಸಲ.